ಒಳಗಿನವಳೂ ಅಲ್ಲ, ಹೊರಗಿನವಳೂ ಅಲ್ಲ

ಅನುಮಾನ ನನ್ನ ಹುಟ್ಟುಗುಣ. ಬೀಗ ಹಾಕಿ ಮೂರು ಸಲ ಜಗ್ಗಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಇನ್ನೊಮ್ಮೆ ಜಗ್ಗುವವರ ಪೈಕಿ ನಾನು. ಸುಲ್ತಾನ್ ಬಜಾರಿನಿಂದ ತಂದ ಪರದೆ ಬಟ್ಟೆ ಕಿಟಕಿಗೆ ಗೇಣುದ್ದ ಸಾಲದೇ ಹೋದಾಗ ಅಂಗಡಿಯವನೊಡನೆ ಜಗಳಕ್ಕೆ ಹೋದೆ. ಅಳತೆ ತಪ್ಪಾಗಿ ಬರೆದುಕೊಂಡವನು ನಾನೇ ಎಂದು ಗೊತ್ತಾದ ಮೇಲೆ ಮುಖ ಉಳಿಸಿಕೊಳ್ಳಲು ಎರಡು ದಿಂಬಿನ ಚೀಲ ಕೊಂಡು ಬಂದೆ. ಇಂಥವನಿಗೆ ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಕೆಲಸ ಸಿಕ್ಕಿದ್ದು ದೇವರ ದಯೆ. ಅಲ್ಲಿ ಅನುಮಾನಕ್ಕೂ ಸಂಬಳವಿದೆ. ಟೆಸ್ಟಿಂಗ್ ಎಂಬ ಮರ್ಯಾದೆಯ ಹೆಸರೂ ಇದೆ.

ನನ್ನ ಹೆಂಡತಿ ವಿಮಲಾ ನಾಚಾರಂನ ಸಣ್ಣದೊಂದು ಕಾರ್ಖಾನೆಯಲ್ಲಿ ಬೋಲ್ಟುಗಳ ಅಳತೆ ಪರೀಕ್ಷಿಸುತ್ತಾಳೆ. ಅಲ್ಲಿ ಅಳತೆಯೆಲ್ಲ ಹರಿದ ರಿಜಿಸ್ಟರಿನಲ್ಲಿ. "ಸೋಮವಾರ ಕಂಪ್ಯೂಟರಿನಾಗ ಮಾಡಿ ತೋರಸ್ತೀನ್ರಿ" ಎಂದು ಎಲ್ಲರೆದುರು ಮೇಲಧಿಕಾರಿಗೆ ಮಾತು ಕೊಟ್ಟು ಬಂದಿದ್ದಳು. ತಪ್ಪಿದರೆ ಅಲ್ಲಿ ಅವಳು ತಲೆ ಎತ್ತುವಂತಿರಲಿಲ್ಲ. ಅದಕ್ಕೆ ಬೇಕಾದ ಪ್ರೋಗ್ರಾಂ ನಾನು ಜಾವಾಸ್ಕ್ರಿಪ್ಟಿನಲ್ಲಿ ಬರೆದು ಮುಗಿಸಿದ್ದೆ. ಭಾನುವಾರ ಊಟವಾದ ಮೇಲೆ, ಕೊನೆಯ ಸಲ ಟೆಸ್ಟ್ ಓಡಿಸೋಣವೆಂದು ಆಜ್ಞೆ ಕೊಟ್ಟೆ. ಪರದೆಯ ಮೇಲೆ ಮೂಡಿದ ಇಂಗ್ಲಿಷ್ ಉತ್ತರದ ತಾತ್ಪರ್ಯ ಇಷ್ಟೇ: 'ವಿಮಲಾ' ಎಂಬುದು ಒಳಗಿನ ಆಜ್ಞೆಯೂ ಅಲ್ಲ, ಹೊರಗಿನ ಆಜ್ಞೆಯೂ ಅಲ್ಲ.

ವಿಮಲಾ ಬೆನ್ನ ಹಿಂದೆಯೇ ನಿಂತಿದ್ದಳು. "ಏನ್ರೀ ಇದು? ನಾ ಒಳಗಿನಾಕಿನೂ ಅಲ್ಲ, ಹೊರಗಿನಾಕಿನೂ ಅಲ್ಲಂತ! ನೀವ ಬರದೀರೇನು?"

"ನಾ ಬರದಿಲ್ಲ. ಅದು ತಾನ ಹೇಳಾಕತ್ತೈತಿ."

"ಹಂಗಾರ ಅದಕ್ಕ ನನ್ನ ಹೆಸರು ಯಾರು ಹೇಳಿಕೊಟ್ರು?"

ಪ್ರಶ್ನೆ ನ್ಯಾಯವಾಗಿತ್ತು. ಶುಕ್ರವಾರ ಮಧ್ಯಾಹ್ನ ಸಲೀಸಾಗಿ ಓಡಿದ ಟೆಸ್ಟು ಈಗ ಹೆಂಡತಿಯ ಹೆಸರು ಹಿಡಿದು ನಿಂತಿದೆ ಎಂದರೆ ಯಾರದೋ ಕೈವಾಡ ಇರಲೇಬೇಕು. ಮೊದಲು ಟೆಸ್ಟಿನ ಸಲಕರಣೆಯನ್ನೇ ಅನುಮಾನಿಸಿ, ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿದೆ. ಅದೇ ಉತ್ತರ. ಆಮೇಲೆ ನೆನಪಾಯಿತು, ಶನಿವಾರ ಭಾಮೈದ ಗಿರೀಶ ಬಂದು ಲ್ಯಾಪ್‌ಟಾಪ್ ಮುಟ್ಟಿದ್ದ! ಕಳ್ಳ ಸಿಕ್ಕ ಖುಷಿಯಲ್ಲಿ ಫೋನ್ ಹಚ್ಚಿ, ವಿಮಲಾಗೂ ಕೇಳಲೆಂದು ಸ್ಪೀಕರ್ ಹಾಕಿ, ಪರದೆಯ ಮೇಲಿನ ಉತ್ತರ ಓದಿ ಹೇಳಿ, ಬಾಯಿಗೆ ಬಂದಂತೆ ಅಂದೆ.

"ಭಾವಾರ, ದೇವರಾಣಿ ನಾ ಬರೇ ರೈಲಿನ ಟಿಕೆಟ್ ತಗಸೀನ್ರಿ" ಎಂದ ಗಿರೀಶ. ಅವನೂ ಇದೇ ಕಸುಬಿನವನು. ಆಮೇಲೆ ಕೇಳಿದ: "ಆ ಪ್ರೋಗ್ರಾಂ ಇಟ್ಟ ಫೋಲ್ಡರಿಗೆ ಏನು ಹೆಸರಿಟ್ಟೀರಿ?"

ಶುಕ್ರವಾರ ಸಂಜೆ ಮದುವೆಯ ದಿನದ ನೆನಪಿಗೆ ಅಬಿಡ್ಸ್ ಪೇಟೆಯಿಂದ ಹಿತ್ತಾಳೆಯ ನಾಮಫಲಕ ಕೆತ್ತಿಸಿ ತಂದಿದ್ದೆ. ಅದೇ ಹುರುಪಿನಲ್ಲಿ, ಬರೀ 'ಬೋಲ್ಟ್' ಎಂದಿದ್ದ ಫೋಲ್ಡರಿಗೂ ಫಲಕದ ಮೇಲಿದ್ದ ಹೆಸರನ್ನೇ ಇಟ್ಟಿದ್ದೆ: ಅನಂತ&ವಿಮಲಾ.

"ನಡುವಿನ ಚಿಹ್ನೆ ತಗೀರಿ ಭಾವಾರ. ಅದು ಕಂಡ್ರ ಕಂಪ್ಯೂಟರು ಒಂದು ಆಜ್ಞೆ ಮುಗೀತು, ಇನ್ನೊಂದು ಸುರುವಾತು ಅಂತ ತಿಳೀತೈತಿ. ಅದಕ್ಕ ಅಕ್ಕನ ಹೆಸರು ಆಜ್ಞೆ ಆಗಿ ಕುಂತೈತಿ."

ಅವನ ಕ್ಷಮೆ ಕೇಳಬೇಕಿತ್ತು. "ಪ್ರಯಾಣ ಸುಖವಾಗಲಿ" ಎಂದು ಫೋನ್ ಇಟ್ಟೆ.

ವಿಮಲಾ ಬಿಡಲಿಲ್ಲ. "ನಿಮ್ಮ ಹೆಸರು ಮೊದಲ ಇತ್ತು, ಅದಕ್ಕ ನೀವು ಉಳದ್ರಿ. ಒಂದ್ಸಲ ನನ್ನ ಹೆಸರು ಮೊದಲ ಹಾಕ್ರಿ, ನೋಡೂಣು."

ಹಾಕಿದೆ. 'ಅನಂತ' ಎಂಬುದು ಒಳಗಿನ ಆಜ್ಞೆಯೂ ಅಲ್ಲ, ಹೊರಗಿನ ಆಜ್ಞೆಯೂ ಅಲ್ಲ ಎಂದು ಬಂತು.

"ಈಗ ಖರೇ ಹೇಳಾಕತ್ತೈತಿ" ಎಂದಳು.

ಚಿಹ್ನೆಯೊಂದನ್ನು ತೆಗೆದರೆ ಸಾಕಿತ್ತು. ಅವಳು ಜೊತೆಗೆ ನನ್ನ ಹೆಸರನ್ನೂ ತೆಗೆಸಿದಳು. ಟೆಸ್ಟ್‌ಗಳೆಲ್ಲ ಪಾಸಾದವು. ಸೋಮವಾರ ಕಾರ್ಖಾನೆಯಲ್ಲಿ ಎಲ್ಲರೂ ಭೇಷ್ ಎಂದರಂತೆ. "ಭಾಳ ಚಲೋ ಐತಿ, ಯಾರು ಮಾಡಿದ್ದಮ್ಮಾ?" ಎಂದು ಮೇಲಧಿಕಾರಿ ಕೇಳಿದರಂತೆ. ನನ್ನ ಹೆಂಡತಿ ಬಾಯಿ ಬಿಡದೆ ಫೋಲ್ಡರಿನ ಹೆಸರು ತೋರಿಸಿ ಬಂದಿದ್ದಾಳೆ.