ಮೊದಲು ಕೂರುವ ಮನುಷ್ಯ

ಬಸವಕಲ್ಯಾಣದ ಗುರುಶಾಂತನಿಗೆ ಶತ್ರುಗಳು ಅಂತ ಯಾರೂ ಇರಲಿಲ್ಲ, ಅವನ ಮುಖವೊಂದನ್ನು ಬಿಟ್ಟು. ಅದನ್ನು ನೋಡಿದವರಿಗೆಲ್ಲ ಇವನಿಗೆ ಏನಾದರೊಂದು ಕೆಲಸ ಹೇಳಬೇಕು ಅನ್ನಿಸುತ್ತಿತ್ತು. ಬ್ಯಾಂಕಿನ ಸಾಲಿನಲ್ಲಿ ನಿಂತರೆ ಹಿಂದಿನವರು, "ಕಾಕಾ, ಜರಾ ನನ್ನ ಜಾಗಾ ನೋಡ್ಕೋರಿ, ಚಾ ಕುಡದು ಬರ್ತೀನಿ" ಎಂದು ಹೋಗಿಬಿಡುತ್ತಿದ್ದರು. ಮದುವೆಗೆ ಹೋದರೆ ಯಾರದ್ದೋ ಕೂಸು ಊಟ ಮುಗಿಯುವ ತನಕ ಇವನ ತೊಡೆಯ ಮೇಲಿರುತ್ತಿತ್ತು. ಆಗುವುದಿಲ್ಲ ಅನ್ನುವ ಮಾತು ಅವನ ನಾಲಿಗೆಗೆ ಯಾವತ್ತೂ ಬಂದದ್ದಿಲ್ಲ. ಹೀಗೇ ಅರವತ್ತು ದಾಟಿ, ಗುಮಾಸ್ತಗಿರಿಯಿಂದ ನಿವೃತ್ತನಾಗಿ, ಮನುಷ್ಯ ಪೂರಾ ದಣಿದು ಹೋಗಿದ್ದ.

ಅವತ್ತು ಬೆಳಿಗ್ಗೆ ಹೆಂಡತಿ ಲಲಿತಾಬಾಯಿ ಬಾಗಿಲಿಗೆ ಅಡ್ಡ ನಿಂತಳು.

"ನೋಡ್ರಿ, ಇವತ್ತೊಂದಿನ ಯಾರಿಗೂ ಉಪಕಾರ ಮಾಡಬ್ಯಾಡ್ರಿ. ಸೀದಾ ಹೋಗ್ರಿ, ಒಂದ್ ಕಿಲೋ ಪೇಡಾ ತಗೋರಿ, ಸೀದಾ ಬರ್ರಿ. ನಡುವ ಯಾರರೆ ಮಾತಾಡ್ಸಿದ್ರ ಕಿವುಡರಾಗ್ರಿ."

"ನಾ ಯಾವಾಗ ಉಪಕಾರ ಮಾಡೀನಿ?" ಎಂದ ಗುರುಶಾಂತ.

ಒಳಗಿನಿಂದ ಮಗಳು ಪೂನಂ ಹೇಳಿದಳು, "ಪಪ್ಪಾ, ಹೋದ ಸಲ ಬೀದರದವರು ನನ್ನ ನೋಡ್ಲಿಕ್ಕೆ ಬಂದಾಗ ನೀವು ಬಾಜೂ ಮನಿಯವರ ಎಮ್ಮಿ ಹುಡುಕಾಕ ಹೋಗಿದ್ರಿ. ಎಮ್ಮಿ ಸಿಕ್ತು. ಬೀದರದವರು ಹೋದ್ರು."

ಈ ಸಲ ಬರುವವರು ಹುಮನಾಬಾದಿನ ಪಕ್ಕದ ಮಾಣಿಕನಗರದವರು. ಮಠದ ಹತ್ತಿರ ತೆಂಗಿನಕಾಯಿ, ಕರ್ಪೂರದ ಅಂಗಡಿ ಇಟ್ಟಿರುವ ವೈಜನಾಥಪ್ಪ, ಜೊತೆಗೆ ಅವರ ಅಕ್ಕ ಸೋನುಬಾಯಿ. ಹುಡುಗ ಸಂಜೀವಕುಮಾರ ಪೂನಂಳನ್ನು ಯಾರದೋ ಮದುವೆಯಲ್ಲಿ ನೋಡಿ ಮೆಚ್ಚಿದ್ದ, ಅವಳೂ ಮೆಚ್ಚಿದ್ದಳು. ಹಿರಿಯರು ಮಾತ್ರ ಇನ್ನೂ ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ. ಹುಡುಗ ಹುಡುಗಿಯ ಒಪ್ಪಿಗೆ ಆಗಿತ್ತು. ಇನ್ನುಳಿದದ್ದು ಹಿರಿಯರು ಅದನ್ನು ಕೆಡಿಸದೆ ಇರುವುದು.

"ಇದನ್ನ ಕೆಡಿಸಬ್ಯಾಡ್ರಿ ಪಪ್ಪಾ" ಎಂದಳು ಪೂನಂ. ಅವಳು ನಗುತ್ತಲೇ ಹೇಳಿದಳು. ಗುರುಶಾಂತ ತಲೆಗೆ ಬಿಳಿ ಟೋಪಿ, ಹೆಗಲಿಗೆ ಟವೆಲ್ ಹಾಕಿಕೊಂಡು ಹೊರಟ. ಫೋನು ಅಡುಗೆಮನೆಯಲ್ಲಿ ಚಾರ್ಜಿಗೆ ಸಿಕ್ಕಿಸಿತ್ತು. ಹತ್ತು ನಿಮಿಷದ ಕೆಲಸಕ್ಕೆ ಅದ್ಯಾಕೆ ಅಂತ ಅಲ್ಲೇ ಬಿಟ್ಟ.

ಪೇಡಾ ಕೊಂಡದ್ದೂ ಆಯಿತು. ಚೀಲ ಹಿಡಿದು ತಲೆ ತಗ್ಗಿಸಿ, ಯಾರನ್ನೂ ನೋಡದೆ ಬರುತ್ತಿದ್ದ. ಬಸ್ ಸ್ಟ್ಯಾಂಡಿನ ಮುಂದೆ ಯಾರೋ ಅವನ ಕೈ ಹಿಡಿದರು.

"ಕಾಕಾ! ದೇವರ ಬಂದಂಗ ಬಂದ್ರಿ!"

ಅವನು ಧರ್ಮೇಂದ್ರ. ಕಲ್ಯಾಣದಿಂದ ಹುಮನಾಬಾದಿಗೆ ಮಿನಿಬಸ್ ಹೊಡೆಯುವವನು. ಅವನ ಗಾಡಿ ತನ್ನ ಸರದಿಯ ನಂಬರಿಗೆ ನಿಂತಿತ್ತು, ಒಳಗೆ ಒಂದು ನೊಣವೂ ಇರಲಿಲ್ಲ. ಅವನು ಮಾತ್ರ, "ಹುಮನಾಬಾದ್! ಹುಮನಾಬಾದ್! ಒಂದೇ ಸೀಟ!" ಎಂದು ಗಂಟಲು ಹರಿದುಕೊಳ್ಳುತ್ತಿದ್ದ.

ಈ ಮಿನಿಬಸ್ಸುಗಳ ಕಷ್ಟ ಏನೆಂದರೆ, ತುಂಬದೆ ಅವು ಹೊರಡುವುದಿಲ್ಲ, ಖಾಲಿ ಇದ್ದರೆ ಅವಕ್ಕೆ ಯಾರೂ ಹತ್ತುವುದಿಲ್ಲ. ಮೊದಲು ಹತ್ತಿದವನೇ ಹೆಚ್ಚು ಕಾಯಬೇಕಾದ್ದರಿಂದ ಎಲ್ಲರಿಗೂ ಕಡೆಯವರೇ ಆಗುವ ಆಸೆ. ಅದಕ್ಕೇ ಡ್ರೈವರುಗಳು ಆಟೋದವರನ್ನೋ, ಬಾಳೆಹಣ್ಣು ಮಾರುವವರನ್ನೋ ಮೊದಲು ಒಳಗೆ ಕೂರಿಸುತ್ತಾರೆ. ಖರೆ ಪ್ರಯಾಣಿಕರು ಬರುತ್ತಿದ್ದಂತೆ ಈ ಸುಳ್ಳು ಪ್ರಯಾಣಿಕರು ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಾರೆ.

"ಎರಡೇ ನಿಮಿಷ ಕುಂದರ್ರಿ ಕಾಕಾ. ನಾಕ್ ಮಂದಿ ಹತ್ತಿದ್ರ ಸಾಕು, ನಾ ಕಣ್ಣ ಹೊಡೀತೀನಿ, ನೀವು ಇಳೀರಿ."

"ಇಲ್ಲೋ ತಮ್ಮಾ, ಮನಿಗಿ ಬೀಗರು ಬರಾಕತ್ತಾರ..."

"ನಿಮ್ಮಂಥಾ ಮಾರಿ ಕಿಡಕ್ಯಾಗ ಕಂಡ್ರ ಗಾಡಿ ತಾನೇ ತುಂಬತದ. ಮೆಹರಬಾನಿ ಮಾಡ್ರಿ."

ಗುರುಶಾಂತ ಬಾಯಿ ತೆರೆದ. ಆಗುವುದಿಲ್ಲ ಅನ್ನಬೇಕೆಂದೇ ತೆರೆದದ್ದು. "ಎರಡೇ ನಿಮಿಷ ನೋಡಪಾ" ಅಂತ ಬಂತು.

ಹಿಂದಿನ ಸಾಲಿನ ಕಿಟಕಿ ಮೂಲೆಯಲ್ಲಿ ಕೂತ. ಧರ್ಮೇಂದ್ರ ಹೇಳಿದ್ದು ಸುಳ್ಳಲ್ಲ. ದಾರಿಯಲ್ಲಿ ಹೋಗುವವರು ಕಿಟಕಿಯಲ್ಲಿ ಆ ಮುಖ ಕಂಡು ನಿಂತರು. ಪಾಪ, ಇಷ್ಟು ಅವಸರದ ಮನುಷ್ಯ ಕೂತಿದ್ದಾನೆಂದರೆ ಗಾಡಿ ಹೊರಟೇ ಬಿಟ್ಟಿತು ಅಂದುಕೊಂಡು ಹತ್ತತೊಡಗಿದರು. ದುಬಲಗುಂಡಿಯ ಗಂಗುಬಾಯಿ ಎಂಬ ಭಾರಿ ಹೆಂಗಸು ಜೋಳದ ಗಂಟು ತಂದು ಇವನ ಪಕ್ಕಕ್ಕೇ ಇಳಿಸಿ, ತಾನೂ ಕೂತು, ಕೂತ ಕ್ಷಣವೇ ಇವನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದಳು.

ಧರ್ಮೇಂದ್ರ ಕಣ್ಣು ಹೊಡೆದ. ಗುರುಶಾಂತ ಏಳಲು ನೋಡಿದ. ಗಂಗುಬಾಯಿ ನಿದ್ದೆಯಲ್ಲೇ, "ಶಿವನೇ, ಸಾಕಾಗ್ಯಾದಪ್ಪಾ" ಎಂದು ನರಳಿದಳು. ಎಷ್ಟು ದಣಿದ ಜೀವವೋ ಏನೋ, ಹೇಗೆ ಎಬ್ಬಿಸುವುದು? ಒಂದು ನಿಮಿಷ ಬಿಟ್ಟು ಎಬ್ಬಿಸಿದರಾಯಿತು ಅಂದುಕೊಂಡ. ಆ ಒಂದು ನಿಮಿಷದಲ್ಲಿ ನಡುವಿನ ಓಣಿಯಲ್ಲಿ ಸ್ಟೂಲು ಹಾಕಿ ನಾಲ್ಕು ಮಂದಿ ಕೂತರು, ಬಾಗಿಲಲ್ಲಿ ಇಬ್ಬರು ಜೋತುಬಿದ್ದರು, ಗಾಡಿ ಹೊರಟಿತು.

"ಏಯ್! ನಿಲ್ಸೋ! ನಾ ಇಳೀಬೇಕು!"

ಧರ್ಮೇಂದ್ರ ಹಾಡು ಜೋರು ಮಾಡಿದ್ದರಿಂದ ಅವನಿಗೆ ಕೇಳಿಸಲಿಲ್ಲ. ಮುಂದಿನ ಸೀಟಿನವನು ತಿರುಗಿ, "ಈಗೇ ಹತ್ತೀರಿ, ಈಗೇ ಇಳೀತೀರಿ? ವಾಂತಿ ಬರಾಕತ್ತದೇನು?" ಎಂದು ನಿಂಬೆಹುಳಿ ಮಿಠಾಯಿ ಕೊಟ್ಟ. ಬೇಡ ಅನ್ನಲಾಗದೆ ಗುರುಶಾಂತ ಅದನ್ನು ಬಾಯಿಗೆ ಹಾಕಿಕೊಂಡ.

ಹೆದ್ದಾರಿ ಕೂಡುವ ಸಸ್ತಾಪುರ ಬಂಗ್ಲಾದಲ್ಲಿ ಗಾಡಿ ನಿಂತಾಗ ಧರ್ಮೇಂದ್ರ ಹಿಂತಿರುಗಿ ನೋಡಿ ಹಣೆ ಬಡಿದುಕೊಂಡ. "ಅಯ್ಯ ಕಾಕಾ! ನೀವಿನ್ನೂ ಇಲ್ಲೇ ಇದ್ದೀರಿ? ಇಲ್ಲಿ ಇಳದ್ರ ನಿಮಗ ಯಾವ ಗಾಡಿನೂ ನಿಲ್ಲಂಗಿಲ್ಲ, ಎಲ್ಲಾ ತುಂಬೇ ಬರ್ತಾವ. ಹುಮನಾಬಾದ ಮುಟ್ಟತೀನಿ, ಹಂಗೇ ಹೊಳ್ಳಸ್ತೀನಿ, ನಿಮ್ಮನ್ನ ಮನೀ ಮುಂದ ಇಳಸ್ತೀನಿ. ಬಿಲ್ಕುಲ್ ಫಿಕರ್ ಮಾಡಬ್ಯಾಡ್ರಿ."

ಮನೆಗೆ ಹೇಳೋಣವೆಂದರೆ ಎಲ್ಲರಂತೆ ಅವನಿಗೂ ಯಾರ ನಂಬರೂ ಬಾಯಿಪಾಠವಿರಲಿಲ್ಲ. ಇದ್ದರೂ ಏನಂತ ಹೇಳುವುದು? ಪೇಡಾ ತರಲು ಹೋದವನು ಹುಮನಾಬಾದಿನಲ್ಲಿದ್ದೇನೆ ಅಂತಲೇ? ಅವನಿಗೆ ಅಳು ಬಂದಂತಾಯಿತು.

ಹುಮನಾಬಾದಿನಲ್ಲಿ ಎಲ್ಲರೂ ಇಳಿದರು. ಗಂಗುಬಾಯಿ ಎದ್ದು, "ಛಲೋ ನಿದ್ದಿ ಆಯ್ತು ನೋಡ್ರಿ, ಪುಣ್ಯಾತ್ಮರು" ಎಂದು ಹರಸಿ ಹೋದಳು. ಗಾಡಿ ಕಲ್ಯಾಣದ ಕಡೆ ಮುಖ ಮಾಡಿ ನಿಂತಿತು. ಮತ್ತೆ ಖಾಲಿ. ಮತ್ತೆ ಅದೇ ಮೂಲೆಯಲ್ಲಿ ಗುರುಶಾಂತ, ಕೈಯಲ್ಲಿ ಪೇಡಾ ಚೀಲ.

"ತುಂಬಿದ ಕೂಡ್ಲೇ ಬಿಡ್ತೀನಿ ಕಾಕಾ" ಎಂದ ಧರ್ಮೇಂದ್ರ.

ಹೊತ್ತು ಏರುತ್ತಿತ್ತು. ಯಾರೂ ಬರಲಿಲ್ಲ. ಕಡೆಗೆ ಕೋಟು ತೊಟ್ಟ ಒಬ್ಬ ಹಿರಿಯರು, ಇಳಕಲ್ ಸೀರೆಯ ಒಬ್ಬ ಹೆಂಗಸು ಬಂದು ಬಾಗಿಲಲ್ಲಿ ಇಣುಕಿದರು. ಅವರ ಹಿಂದೆಯೇ ಸರ್ಕಾರಿ ಬಸ್ಸು ಹೊರಡಲು ಹಾರ್ನ್ ಹೊಡೆಯುತ್ತಿತ್ತು.

"ಇದು ಖರೇನೇ ಹೊಂಟದೇನ್ರಿ?" ಎಂದು ಹೆಂಗಸು ಕೇಳಿದಳು.

ಜನ ತುಂಬಿದರೆ ತಾನೆ ಮನೆ ಮುಟ್ಟುವುದು? ಗುರುಶಾಂತ ಜನ್ಮದಲ್ಲಿ ಮೊದಲ ಸಲ ಜೋರಾಗಿ ಸುಳ್ಳು ಹೇಳಿದ. "ಹೊಂಟದ್ರಿ! ಈಗೇ! ಹತ್ರಿ ಜಲ್ದಿ!"

"ನೀವು ಈ ಗಾಡಿಯವರ ಮನಷಾ ಇದ್ದಂಗ ಕಾಣ್ತೀರಿ."

"ಛೇ ಛೇ, ನನ್ನ ಮಗಳಾಣಿ! ನಾ ಪ್ಯಾಸೆಂಜರ್ ಇದ್ದೀನ್ರಿ. ನಿಮ್ಮಿಬ್ಬರ ಸಲುವಾಗೇ ನಿಂತದ."

ಅವರು ಆ ಮುಖ ನೋಡಿದರು, ನಂಬಿದರು, ಹತ್ತಿದರು. ಸರ್ಕಾರಿ ಬಸ್ಸು ಹೊರಟು ಹೋಯಿತು. ಮಿನಿಬಸ್ಸು ಅಲ್ಲಾಡಲಿಲ್ಲ.

ಸ್ವಲ್ಪ ಹೊತ್ತಿಗೆ ಹೆಂಗಸಿನ ಸಿಟ್ಟು ನೆತ್ತಿಗೇರಿತು. "ಎಲ್ಲದರೀ ನಿಮ್ಮ 'ಈಗೇ'? ಆ ಬಸ್ಸಿನಾಗ ನನಗ ಫ್ರೀ ಇತ್ತು!" ಎಂದು ಗುರುಶಾಂತನ ಕಡೆ ಕೈ ಬೀಸಿದಳು. ಅವಳು ಇಳಿದು ಹೋಗುತ್ತಾಳೆಂದು ಹೆದರಿದ ಧರ್ಮೇಂದ್ರ ಓಡಿಬಂದ. ಗುರುಶಾಂತನ ಚೀಲಕ್ಕೆ ಕೈಹಾಕಿ ಪೇಡಾ ಡಬ್ಬಿ ತೆಗೆದ. "ಅಕ್ಕಾ, ಬಾಯಿ ಸಿಹಿ ಮಾಡ್ಕೋರಿ, ಕಾಕಾನ ಮನಿ ಪೇಡಾ. ಕಾಕಾ, ಕೊಡ್ಲಿ ಹೌದಿಲ್ಲೋ?"

"ಕೊಡಪಾ" ಎಂದ ಗುರುಶಾಂತ. ಮತ್ತೇನು ಅನ್ನುತ್ತಾನೆ? ಆಮೇಲೆ ಹತ್ತಿದವರೂ ಒಂದೊಂದು ತೆಗೆದುಕೊಂಡರು. ಗಾಡಿ ತುಂಬಿತು, ಡಬ್ಬಿ ಖಾಲಿಯಾಯಿತು.

ಊರು ದಾಟಿದ ಮೇಲೆ ಹೆಂಗಸು ಪೇಡಾ ನುಂಗುತ್ತ ತಮ್ಮನಿಗೆ ಹೇಳಿದಳು, "ವೈಜನಾಥ, ಕಲ್ಯಾಣದಾಗ ಆ ಗುರುಶಾಂತಪ್ಪನ ಮನಿಯವರು ಹಾದಿ ನೋಡಾಕತ್ತಿರ್ತಾರ. ಹುಡುಗಿ ಹೆಸರೇನಂದಿ, ಪೂನಂ ಅಲ್ಲಾ?"

ಗುರುಶಾಂತ ಮೆಲ್ಲಗೆ ಟವೆಲ್ ತೆಗೆದು, ಧೂಳು ಅನ್ನುವವನಂತೆ ಮೂಗು ಬಾಯಿಗೆ ಸುತ್ತಿಕೊಂಡ.

"ಈ ಮುದುಕನ ನೋಡು" ಎಂದು ಸೋನುಬಾಯಿ ತಗ್ಗಿದ ದನಿಯಲ್ಲೇ ಮುಂದುವರಿಸಿದಳು. ಅವಳ ತಗ್ಗಿದ ದನಿ ಡ್ರೈವರನಿಗೂ ಕೇಳುತ್ತಿತ್ತು. "ಮಗಳಾಣಿ ಮಾಡಿ ಸುಳ್ಳು ಹೇಳ್ಯಾನ. ಇಂಥವನ ಮಗಳನ್ನ ಯಾರ್ ಮಾಡ್ಕೋತಾರೋ!"

ವೈಜನಾಥಪ್ಪ ಆ ಟವೆಲ್ಲಿನ ಕಡೆ ಒಮ್ಮೆ ನೋಡಿ ಕಿಟಕಿಯ ಕಡೆ ತಿರುಗಿದರು. ಗುರುಶಾಂತ ದಾರಿಯುದ್ದಕ್ಕೂ ಟವೆಲ್ಲಿನೊಳಗೆ ಬೆವರಿದ. ತನ್ನ ಬಾಯಿಯನ್ನೂ, ತನ್ನ ಮುಖವನ್ನೂ, ಕಡೆಗೆ ಪೇಡಾ ಅಂಗಡಿಯವನನ್ನೂ ಮನಸ್ಸಿನಲ್ಲೇ ಬೈದುಕೊಂಡ. ಪೂನಂ ನಕ್ಕು ಹೇಳಿದ ಮಾತು ಮತ್ತೆ ಮತ್ತೆ ನೆನಪಾಗುತ್ತಿತ್ತು.

ಕಲ್ಯಾಣ ಬಂದದ್ದೇ ತಡ, ಸ್ಟ್ಯಾಂಡಿಗೂ ಮೊದಲೇ ಇಳಿದು ಸಂದಿಗೊಂದಿಯಲ್ಲಿ ಓಡಿದ. ಹಿತ್ತಲ ಬಾಗಿಲಿನಿಂದ ಒಳಗೆ ನುಗ್ಗಿದ.

"ಎಲ್ಲಿ ಹೋಗಿದ್ರಿ? ಪೇಡಾ ಎಲ್ಲದ?" ಎಂದಳು ಲಲಿತಾಬಾಯಿ.

"ಆಮ್ಯಾಲ ಬೈಯಿ, ಅಂಗಿ ಕೊಡು!"

ಮುಖ ತೊಳೆದ, ಟೋಪಿ ಬಿಸಾಡಿದ, ಕೂದಲಿಗೆ ಎಣ್ಣೆ ಹಚ್ಚಿ ಬೈತಲೆ ತೆಗೆದ, ಓದುವ ಕನ್ನಡಕ ಏರಿಸಿದ. ಎಲ್ಲ ಮಸುಕು ಮಸುಕು ಕಂಡಿತು. ತನಗೆ ಅವರು ಕಾಣದಿದ್ದರೆ ಅವರಿಗೂ ತಾನು ಕಾಣುವುದಿಲ್ಲ ಅನ್ನುವ ಧೈರ್ಯದಲ್ಲಿ ಹೊರಗೆ ಬಂದು ಕೈಮುಗಿದ. "ಬರ್ರಿ ಬರ್ರಿ, ತಕಲೀಫ್ ಆಗ್ಲಿಲ್ಲಲ್ಲ?"

"ಏನ್ ಕೇಳ್ತೀರಿ!" ಎಂದು ಸೋನುಬಾಯಿ ಶುರುಮಾಡಿಕೊಂಡಳು. "ಗಾಡ್ಯಾಗ ಒಬ್ಬ ಸುಳ್ಳ ಮುದುಕ ಸಿಕ್ಕಿದ್ದ. ಅಂಥವರನ್ನ ಚಪ್ಪಲಿಲೆ ಹೊಡೀಬೇಕು."

"ಹೊಡೀಬೇಕ್ರಿ" ಎಂದ ಗುರುಶಾಂತ ಮನಸಾರೆ.

ಪೂನಂ ಚಹಾ ತಂದಳು. ಸೋನುಬಾಯಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ತಲೆ ಸವರಿದಳು. ಎಲ್ಲ ಸಸೂತ್ರ ನಡೆದಿತ್ತು. ಅಷ್ಟರಲ್ಲಿ ಲಲಿತಾಬಾಯಿ ಕೈಹಿಸುಕಿಕೊಳ್ಳುತ್ತ ಹೇಳಿದಳು, "ತಪ್ಪು ತಿಳ್ಕೋಬ್ಯಾಡ್ರಿ, ಬಾಯಿ ಸಿಹಿ ಮಾಡಾಕ ಮನ್ಯಾಗ ಪೇಡಾ ಇಲ್ಲ. ಇವರು ಮುಂಜಾನಿ ತರ್ಲಿಕ್ಕೆ ಹೋಗಿ..."

ವೈಜನಾಥಪ್ಪ ಬಟ್ಟಲು ಕೆಳಗಿಟ್ಟರು. "ಪೇಡಾ ತಿಂದೇ ಬಂದೀವಿ ತಾಯಿ. ಬೀಗರೇ ಕೊಡ್ಸಿದ್ರು, ಗಾಡ್ಯಾಗ."

ಸೋನುಬಾಯಿ ಗುರುಶಾಂತನನ್ನು ನೋಡಿದಳು. ಎದ್ದು ಹತ್ತಿರ ಬಂದು ಕನ್ನಡಕ ತೆಗೆದು ನೋಡಿದಳು. "ಅಯ್ಯ ಶಿವನೇ, ಅವನೇ!" ಎಂದಳು. ಪೂನಂ ಕಣ್ಣು ಮುಚ್ಚಿಕೊಂಡಳು. ಗುರುಶಾಂತ ಕುರ್ಚಿಯ ಮೇಲೆ ಕುಸಿದು, "ತಪ್ಪಾಯ್ತ್ರಿ, ನನ್ನ ಮ್ಯಾಲಿನ ಸಿಟ್ಟು ಮಗಳ ಮ್ಯಾಲ ತೀರಿಸಬ್ಯಾಡ್ರಿ" ಎಂದ.

"ಸಿಟ್ಟ್ಯಾಕ್ರೀ?" ಎಂದರು ವೈಜನಾಥಪ್ಪ. "ಅಕ್ಕ ನಿಮ್ಮ ಹೆಸರು ಹೇಳಿದ ಕೂಡ್ಲೇ ಮಾರಿಗಿ ಟವೆಲ್ ಸುತ್ಕೊಂಡ್ರಿ, ಅವಾಗೇ ತಿಳೀತು. ಈ ಸಂಬಂಧ ನಾ ಅಲ್ಲೇ ಪಕ್ಕಾ ಮಾಡೀನಿ. ನಮ್ಮ ಸಂಜೂಗ ಹೊಸಾ ಮಿನಿಬಸ್ ಕೊಡ್ಸೀನ್ರಿ, ಬರೋ ತಿಂಗಳು ಇದೇ ರೋಡಿಗಿ ಬೀಳ್ತದ. ಧಂದಾ ಹ್ಯಾಂಗದ ನೋಡೋಣಂತೇ ಇವತ್ತು ಗಾಡ್ಯಾಗ ಬಂದೆ. ಡ್ರೈವರ್ ಸಿಗ್ತಾನ, ಡೀಸೆಲ್ ಸಿಗ್ತದ. ಮೊದಲ ಕುಂದ್ರೋ ಮನಷಾ ಸಿಗಂಗಿಲ್ಲ. ನಿಮ್ಮ ಮಾರಿ ನೋಡಿ ನಮ್ಮಕ್ಕ ಫ್ರೀ ಬಸ್ಸು ಬಿಟ್ಟು ಹತ್ತ್ಯಾಳ ಅಂದ್ರ ಏನ್ ಸಣ್ಣ ಮಾತೇನು? ದಿನಾ ಮುಂಜಾನಿ ಅಳಿಯನ ಗಾಡ್ಯಾಗ ಜರಾ ಕುಂದರ್ರಿ, ಸಾಕು."

ಗುರುಶಾಂತ ಹೆಂಡತಿಯ ಕಡೆ ನೋಡಿದ. ಮಗಳ ಕಡೆ ನೋಡಿದ. ಪೂನಂ ಮುಖ ಅರಳಿತ್ತು. ಈ ಸಲ ಅವನು ನಿಜಕ್ಕೂ ಆಗುವುದಿಲ್ಲ ಅಂತ ಹೇಳಲು ಬಾಯಿ ತೆರೆದ.

"ಆಯ್ತ್ರಿ" ಅಂತ ಬಂತು.

ಸಂಜೆ ಬೀಗರನ್ನು ಕಳಿಸಲು ಎದ್ದ. "ಸ್ಟ್ಯಾಂಡ್ ತನಾ ಬಿಟ್ಟು ಬರ್ತೀನಿ, ಐದೇ ನಿಮಿಷ" ಎಂದು ಹೆಂಡತಿಗೆ ಹೇಳಿದ. ಫೋನು ಇನ್ನೂ ಚಾರ್ಜಿನಲ್ಲೇ ಇತ್ತು. ಸ್ಟ್ಯಾಂಡಿನಲ್ಲಿ ಧರ್ಮೇಂದ್ರನ ಗಾಡಿ ಖಾಲಿ ನಿಂತಿತ್ತು. ವೈಜನಾಥಪ್ಪ ಹತ್ತಲಿಲ್ಲ. ಹೊರಗೇ ನಿಂತು, "ಬೀಗ್ರೇ, ನೀವು ಜರಾ ಒಳಗ ಕುಂದರ್ರಿ, ಗಾಡಿ ಹ್ಯಾಂಗ ತುಂಬತದ ಇನ್ನೊಮ್ಮಿ ನೋಡ್ತೀನಿ" ಎಂದರು.

ಗುರುಶಾಂತ ಹೋಗಿ ಕಿಟಕಿ ಮೂಲೆಯಲ್ಲಿ ಕೂತ. ಜನ ನಿಂತು ನೋಡಿದರು, ಹತ್ತಿದರು. ಯಾರೋ ದಪ್ಪನೆಯ ಮನುಷ್ಯನೊಬ್ಬ ಪಕ್ಕದಲ್ಲಿ ಒತ್ತಿ ಕೂತು ಆಕಳಿಸಿದ. ಗಾಡಿ ತುಂಬಿತು. ಬೀಗರು ಮುಂದಿನ ಸೀಟಿಗೆ ಹತ್ತಿದರು.

"ನಾ... ನಾ ಇಳೀತೀನ್ರಿ" ಎಂದ ಗುರುಶಾಂತ, ಹೆಗಲ ಮೇಲೆ ಬಿದ್ದ ತಲೆಯನ್ನು ನೋಡುತ್ತ.

"ಎಲ್ಲಿ ಇಳೀತೀರಿ?" ಎಂದು ವೈಜನಾಥಪ್ಪ ಹಿಂತಿರುಗಿ ನಕ್ಕರು. "ಹ್ಯಾಂಗೂ ಗಾಡಿ ಹೊಂಟದ, ಬರ್ರಿ, ನಮ್ಮ ಮನೀನೂ ನೋಡಿದಂಗ ಆಗ್ತದ."