ಹದಿನೇಳನೇ ಗೇಟಿನ ಹಾಜರಿ

ನಾನು ಕೆಲಸಕ್ಕೆ ಹೋದ ಊರಲ್ಲೆಲ್ಲ ಒಂದಿಲ್ಲೊಂದು ಕಂಪ್ಯೂಟರು ಯಾರೂ ಮುಟ್ಟದೆಯೇ ಮಾತಾಡಿಬಿಡುತ್ತದೆ. ಮಸ್ಕತ್ತಿನ ಹೋಟೆಲೊಂದರಲ್ಲಿ ಬೀಗ ಹಾಕಿದ ಕೋಣೆಯಿಂದ ದಿನಾ ಚಹಾಕ್ಕೆ ಆರ್ಡರ್ ಬರುತ್ತಿತ್ತು. ಮೊಂಬಾಸಾ ಬಂದರಿನಲ್ಲಿ ಮುಳುಗಿಹೋದ ದೋಣಿಯೊಂದು ತಾನು ಸುಖವಾಗಿ ತಲುಪಿದೆನೆಂದು ವರದಿ ಕಳಿಸಿತ್ತು. ಎರಡಕ್ಕೂ ಕಾರಣ ಸಿಕ್ಕಿತು, ಎರಡೂ ಸಲ ತಪ್ಪು ನನ್ನದೇ ಆಗಿತ್ತು. ಹಾಗಾಗಿ ಕಾಲುವೆಯ ಕೆಲಸಕ್ಕೆಂದು ಶಹಾಪುರದ ಕಡೆ ಬಂದಾಗ, ಇಲ್ಲಿಯೂ ಏನೋ ಒಂದು ಕಾದಿರುತ್ತದೆ ಎಂದುಕೊಂಡೇ ಬಂದೆ.

೧. ಒಳಗ ಯಾರೂ ಇಲ್ಲ

ಕಾಲುವೆ ತೋಡುವಾಗ ಕಟ್ಟಿದ ಹಳೆಯ ಕ್ಯಾಂಪಿನಲ್ಲಿ ನನಗೊಂದು ಕೋಣೆ ಕೊಟ್ಟರು. ಒಂದು ಕಾಲಕ್ಕೆ ನೂರಾರು ಸಂಸಾರ ಇದ್ದ ಜಾಗ. ಈಗ ಸಾಲು ಮನೆಗಳಿಗೆ ಬಾಗಿಲಿಲ್ಲ, ಅಡಿಗೆಮನೆಗಳಲ್ಲಿ ಜಾಲಿ ಬೆಳೆದಿದೆ. ಮಟಮಟ ಮಧ್ಯಾಹ್ನ ಪಕ್ಕದ ಮುಚ್ಚಿದ ಕೋಣೆಯಲ್ಲಿ ಯಾರೋ ಕುರ್ಚಿ ಎಳೆದ ಸದ್ದು ಬರುತ್ತಿತ್ತು.

ಅಲ್ಲಿನ ಎಂಜಿನಿಯರ್ ಸಾಹೇಬರನ್ನು ಕೇಳಿದೆ. "ಪಾರಿವಾಳ ಅದಾವ್ರಿ ಬಾಯಾರ" ಎಂದರು. ಈ ಕಡೆ ಮೇಡಮ್ಮನ್ನು ಬಾಯಾರು ಎನ್ನುತ್ತಾರೆ.

"ಪಾರಿವಾಳ ಕುರ್ಚಿ ಎಳೀತಾವೇನ್ರಿ?"

"ಸರಕಾರಿ ಪಾರಿವಾಳ" ಎಂದು ಫೈಲು ತಿರುವಿದರು.

ನನ್ನ ಕೆಲಸ ಇಷ್ಟು: ಬೇರೆ ಯಾರೋ ಅರ್ಧಕ್ಕೆ ಬಿಟ್ಟುಹೋಗಿದ್ದ ವೆಬ್‌ಸೈಟನ್ನು ಹೊಸ ಫ್ರೇಮ್‌ವರ್ಕಿನಲ್ಲಿ ಕಟ್ಟುವುದು, ಹಳೆಯದರಲ್ಲಿದ್ದ ಖಾತೆಗಳನ್ನು ಹಾಗೆಯೇ ಅದಕ್ಕೆ ತರುವುದು. ನಮ್ಮ ಪಾಲಿನ ಕಾಲುವೆಗೆ ಆರರಿಂದ ಹದಿನೇಳರ ತನಕ ಹನ್ನೆರಡು ಗೇಟು; ಪ್ರತಿ ಗೇಟು ಕಾಯುವ ಲಸ್ಕರ್ ತನ್ನ ಮೊಬೈಲಿನಿಂದ ದಿನಾ ನೀರಿನ ಆಳ ಕಳಿಸಬೇಕು. ಯಾವ ಊರಿಗೆ ಯಾವಾಗ ನೀರಿನ ಪಾಳಿ ಎಂದು ರೈತರಿಗೆ ಕಾಣಬೇಕು. ನನ್ನ ನಕ್ಷೆಯಲ್ಲಿದ್ದ ಕಂಟ್ರೋಲರ್ ಎಂದರೇನು, ವ್ಯೂ ಎಂದರೇನು ಎಂದು ಸಾಹೇಬರು ಕೇಳಿದರು.

"ಕಂಟ್ರೋಲರ್ ಅಂದ್ರ ಬಾಗಲಾಗ ನಿಂತ ಚಪ್ರಾಸಿ ಇದ್ದಂಗ್ರಿ. ಬಂದ ಚೀಟಿ ತಗೊಂಡು ಏನು ಮಾಡಬೇಕು ಅಂತ ಅವನಽ ಠರಾಯಸ್ತಾನ. ವ್ಯೂ ಅಂದ್ರ ಕಿಟಕಿ. ಜನಕ್ಕ ಕಾಣೋದು ಅದಷ್ಟ."

"ಹಂಗಾದ್ರ ಕಿಟಕಿ ಹಿಂದ ಯಾರು ಕುಂತಿರ್ತಾರ?"

"ಯಾರೂ ಇಲ್ರಿ."

"ಯಾರೂ ಇಲ್ದ ಉತ್ತರಾ ಬರ್ತದ?"

"ಹೌದ್ರಿ, ಕೇಳಿದ ಕೂಡಲೇ."

ಸಾಹೇಬರು ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿಕೊಂಡರು. "ಈ ಕಟ್ಟಡದಾಗ ಇಪ್ಪತ್ತು ಮಂದಿ ಕುಂತಿದ್ದಾಗ ಸೈತ ಅಷ್ಟು ಜಲ್ದಿ ಯಾರೂ ಉತ್ತರಾ ಕೊಟ್ಟಿಲ್ಲ ಬಾಯಾರ. ಇದು ಮನಷಾರ ಕೆಲಸಲ್ಲ."

೨. ಮೂರು ಊರು ಹೋದವು

ಹೊಸ ಪುಟ ಶುರುವಾದ ನಾಲ್ಕನೇ ದಿನ ನಾನೂ ಸಾಹೇಬರೂ ಪರದೆ ನೋಡುತ್ತ ಕೂತಿದ್ದೆವು. ಕಣ್ಣೆದುರಿಗೇ ಒಂದು ಊರು ಅಳಿಸಿಹೋಯಿತು. ಮತ್ತೊಂದು. ಇನ್ನೊಂದು. ಸದ್ದಿಲ್ಲ, ಗದ್ದಲವಿಲ್ಲ, ಹೆಸರಿದ್ದ ಜಾಗದಲ್ಲಿ ಬಿಳಿ.

"ಮೂರು ಊರು ಹೋದ್ವಲ್ರಿ" ಎಂದರು ಸಾಹೇಬರು, ಪಿಸುದನಿಯಲ್ಲಿ.

ಮೇಲಿನವರ ನಿಯಮವನ್ನೇ ನಾನು ಕಂಟ್ರೋಲರಿಗೆ ಬರೆದುಕೊಟ್ಟಿದ್ದೆ: ಮೂರು ದಿನ ಅಳತೆ ಬಾರದಿದ್ದರೆ ಆ ಗೇಟು ಮುಚ್ಚಿದೆ ಎಂದು ತಿಳಿಯಬೇಕು. ಮುಚ್ಚಿದ ಗೇಟಿನ ಊರು ವ್ಯೂನಲ್ಲಿ ಇರುವುದಿಲ್ಲ. ಅಲ್ಲಿ ಇಲ್ಲದ ಊರಿಗೆ ಪಾಳಿಯೂ ಇಲ್ಲ, ನೀರೂ ಇಲ್ಲ.

ಸಾಹೇಬರು ಲಸ್ಕರುಗಳಿಗೆ ಫೋನು ಹಚ್ಚಿದರು. ಹತ್ತು ನಿಮಿಷದಲ್ಲಿ ಮೂರೂ ಊರು ವಾಪಸು ಬಂದವು. ಮೂರರ ಆಳವೂ ಎರಡೂವರೆ ಅಡಿ. ಇನ್ನೂ ಎಂಟು ಗೇಟುಗಳದ್ದೂ ಅಷ್ಟೇ, ಆ ಎಂಟರ ನಿನ್ನೆಯದೂ ಅಷ್ಟೇ.

"ಈಗ ಎಲ್ಲಿದ್ದಿಯೋ?" ಎಂದು ಒಬ್ಬನನ್ನು ಕೇಳಿದರು.

"ಗೇಟಿನ ಮ್ಯಾಲಽ ಅದೀನ್ರಿ ಸಾಹೇಬ್ರ. ಅಳತಿಪಟ್ಟಿ ನೋಡಾಕತ್ತೀನಿ."

ಅವನ ಹಿಂದೆ ಯಾದಗಿರಿ ಸ್ಟೇಷನ್ನಿನ ಹೆಣ್ಣುದನಿ, ರಾಯಚೂರಿನ ಕಡೆ ಹೋಗುವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಮೂರು ಭಾಷೆಯಲ್ಲಿ ಸಾರುತ್ತಿತ್ತು.

ಸಾಹೇಬರು ಅದು ಮುಗಿಯುವ ತನಕ ಕಾದರು. "ಗಾಡಿ ಬಂದ್ರ ಗೇಟು ಪೂರಾ ಎತ್ತಪಾ. ಸಿಗಬಿದ್ದೀತು."

೩. ದುಡಿಯುವುದು ಅದೊಂದೇ

ಆ ಎರಡೂವರೆಗಳ ಸಾಲಿನಲ್ಲಿ ಹದಿನೇಳನೇ ಗೇಟು ಒಂದೇ ಬೇರೆ ಥರ ಇತ್ತು. ಒಂದು ದಿನ ಎರಡು, ಮರುದಿನ ಒಂದೂ ಮುಕ್ಕಾಲು, ಆಮೇಲೆ ಮೂರೂ ಕಾಲು. ಮೇಲಿನಿಂದ ಬಿಟ್ಟ ನೀರಿಗೆ ತಾಳೆ ಹಾಕಿದರೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಪ್ರತಿದಿನ ನಡುಮಧ್ಯಾಹ್ನ ಹನ್ನೆರಡಕ್ಕೆ ಬರುತ್ತಿತ್ತು.

"ಈ ಲಸ್ಕರ್ ಭಾರಿ ಶಿಸ್ತಿನ ಮನಷಾ ಇದ್ದಾನ್ರಿ" ಎಂದೆ.

ಸಾಹೇಬರು ಪರದೆಗೆ ಬಗ್ಗಿ ಹೆಸರು ಓದಿದರು. ಮತ್ತೊಮ್ಮೆ ಓದಿದರು. ಕನ್ನಡಕ ತೆಗೆದು ಒರೆಸಿ ಮೂರನೇ ಸಲ ಓದಿದರು.

"ಬಾಯಾರ, ಇಂವ ಸತ್ತು ವರ್ಷ ಆತು. ಮಣ್ಣಿಗೆ ನಾನಽ ಹೋಗಿದ್ದೆ. ಅವನ ಜಾಗಕ್ಕ ಇನ್ನೂ ಯಾರೂ ಬಂದಿಲ್ಲ."

ಪಕ್ಕದ ಕೋಣೆಯಲ್ಲಿ ಕುರ್ಚಿ ಸರಿಯಿತು. ಪಾರಿವಾಳದ ಮಾತನ್ನು ಈ ಸಲ ಇಬ್ಬರೂ ಎತ್ತಲಿಲ್ಲ.

ಬರುವ ಸೋಮವಾರ ದೊಡ್ಡ ಸಾಹೇಬರು ಬಂದು ಪಾಳಿಯ ಪಟ್ಟಿಗೆ ಸಹಿ ಹಾಕುವವರಿದ್ದರು. ಅಷ್ಟರೊಳಗೆ ಸತ್ತವನ ಖಾತೆ ಬಂದ್ ಮಾಡಬೇಕೆಂದು ನಮ್ಮ ಸಾಹೇಬರ ಹುಕುಂ ಆಯಿತು. ಬಂದ್ ಮಾಡಿದರೆ ಅಳತೆ ನಿಲ್ಲುತ್ತದೆ, ಅಳತೆ ನಿಂತರೆ ಹದಿನೇಳನೇ ಗೇಟಿನ ಊರು ಪಟ್ಟಿಯಿಂದ ಹೋಗುತ್ತದೆ. ಕಾಲುವೆಯ ಕಟ್ಟಕಡೆಯ ಊರು ಅದು. ಹೊಲದ ತುಂಬ ಮೆಣಸಿನಗಿಡ ಹೂವಿಗೆ ಬಂದಿದ್ದವು. ಈ ಪಾಳಿ ತಪ್ಪಿದರೆ ಹೂವು ಉದುರಿ ಬೆಳೆ ಮುಗಿದಂತೆ.

"ಖಾತೆ ಇರಲಿ ಬಿಡ್ರಿ ಸಾಹೇಬ್ರ" ಎಂದೆ.

"ಹೆಂಗ ಬಿಡ್ಲಿ? ಕೇಳಿದ್ರ ಏನು ಹೇಳ್ಲಿ? ಹನ್ನೆರಡು ಗೇಟಿನಾಗ ಬರೋಬರಿ ಕೆಲಸಾ ಮಾಡೋದು ದೆವ್ವ ಒಂದಽ ಅಂತ ಹೇಳ್ಲೇನು?"

೪. ಒದ್ದೆ ಹೆಜ್ಜೆ

ಶನಿವಾರ ಜೀಪು ತೆಗೆದುಕೊಂಡು ಹೊರಟೆ. ಕಕ್ಕೇರಾ ದಾಟಿ ಕಾಲುವೆಯ ಏರಿ ಹಿಡಿದು ಹೋದರೆ ಹದಿನೇಳನೇ ಗೇಟು. ಹನ್ನೆರಡಕ್ಕೆ ಒಂದೆರಡು ನಿಮಿಷ ಇತ್ತು. ಬಿಸಿಲಿಗೆ ನೆರಳುಗಳೆಲ್ಲ ಕಾಲಡಿಗೆ ಸೇರಿಬಿಟ್ಟಿದ್ದವು. ಡ್ರೈವರ್ ಗಾಡಿಯನ್ನು ಬಂದ ದಾರಿಗೆ ಮುಖ ಮಾಡಿ ನಿಲ್ಲಿಸಿದ, ಎಂಜಿನ್ ಆರಿಸಲಿಲ್ಲ, ಕೆಳಗೂ ಇಳಿಯಲಿಲ್ಲ.

ಗೇಟಿನ ಬಳಿ ಲಸ್ಕರಿನ ಸಣ್ಣ ಗುಡಿಸಲು. ಬಾಗಿಲಿಗೆ ತುಕ್ಕು ಹಿಡಿದ ಬೀಗ. ನರಪಿಳ್ಳೆ ಇಲ್ಲ. ಆದರೆ ನೀರಿನಿಂದ ಮೇಲೆ ಬರುವ ಕಲ್ಲಿನ ಮೆಟ್ಟಿಲ ಮೇಲೆ ಒದ್ದೆ ಹೆಜ್ಜೆಗಳಿದ್ದವು. ಬರಿಗಾಲು, ಸಣ್ಣವು. ನಾನು ನೋಡುತ್ತಿದ್ದಂತೆಯೇ ಕೆಳಗಿನವು ಒಣಗಿ ಮಾಯವಾಗುತ್ತಿದ್ದವು. ಕೈಚೀಲದಲ್ಲಿ ನನ್ನ ಫೋನು ಟಿಣ್ ಎಂದಿತು. ತೆಗೆದು ನೋಡಿದೆ: ಹದಿನೇಳನೇ ಗೇಟು, ಎರಡೂ ಕಾಲು ಅಡಿ, ಈಗ ತಾನೇ.

ಹಲವು ದೇಶ ನೋಡಿದವಳು ನಾನು. ಆದರೂ ಡ್ರೈವರನ್ನು ಕೂಗಿದೆ.

"ಹೆಜ್ಜಿ ಯಾವ ಕಡಿ ಮಕಾ ಮಾಡ್ಯಾವ್ರಿ?" ಎಂದ ಅವನು, ಕೂತಲ್ಲಿಂದಲೇ.

"ಗುಡಿಸಲಿನ ಕಡೆ."

"ದೆವ್ವದ ಪಾದ ಉಲ್ಟಾ ಇರ್ತಾವ ಬಾಯಾರ. ಗುಡಿಸಲದ ಕಡಿ ಅದಾವಂದ್ರ ಅದು ನೀರಿಗೆ ಇಳಿದದ. ನೀವು ನೀರಿನ ಕಡಿಗಿಂದ ಸರೀರಿ."

ಗಡಬಡಿಸಿ ಗುಡಿಸಲಿನ ಹಿಂದಕ್ಕೆ ಸರಿದೆ. ಅಲ್ಲಿ ಗೋಡೆಗೆ ಆನಿಕೊಂಡು ಒಬ್ಬ ಹೆಂಗಸು ಕೂತಿದ್ದಳು. ಸೀರೆ ಮೊಣಕಾಲ ತನಕ ಒದ್ದೆ, ಕೊರಳಲ್ಲಿ ದರ್ಜಿಯ ಟೇಪು, ಪಕ್ಕಕ್ಕೆ ಒಂದು ಬಿದಿರಿನ ಕೋಲು, ಕೈಯಲ್ಲಿ ಫೋನು.

"ಯಾರವ್ವಾ ನೀ?" ಎಂದಳು.

"ನೀರಿನ ಪುಟ ಕಟ್ಟಾಕಿ."

"ನೀನಽ ಏನು? ಅಕ್ಷರಾ ಅಷ್ಟು ಸಣ್ಣ ಯಾಕ ಮಾಡೀದಿ? ಬಿಸಲಾಗ ಸುಡಗಾಡು ಏನೂ ಕಾಣಂಗಿಲ್ಲ."

ಲಸ್ಕರಿನ ಹೆಂಡತಿ. ಗಂಡನ ಫೋನು, ಗಂಡನ ಖಾತೆ. ಕೋಲನ್ನು ನೀರಿಗೆ ಇಳಿಸಿ, ನೆನೆದಷ್ಟನ್ನು ಟೇಪಿನಿಂದ ಅಳೆದು ಕಳಿಸುತ್ತಿದ್ದಳು. "ಅಂಕಿ ಬರಲಿಲ್ಲಂದ್ರ ನಮ್ಮ ಊರಽ ಇಲ್ಲ ಅಂತದಂತ ನಿನ್ನ ಪುಟ. ಮೂವತ್ತು ಮನಿ ಮೆಣಸಿನಗಿಡ ಅದಾವ. ನಂದೂ ಅರ್ಧ ಎಕರೆ ಅದ. ನಾ ಹೆಂಗ ಸುಮ್ಮ ಕೂಡ್ಲಿ?"

"ಗಂಡನಿಂದ ಕಲಿತೆಯೇನಕ್ಕಾ?" ಎಂದು ಕೇಳಿದೆ.

"ಅವರಾ? ಮನಿ ಕಟ್ಟಿ ಮ್ಯಾಲ ಕುಂತು ದಿನಾ ಎರಡೂವರಿ ಅಂತ ಒತ್ತತಿದ್ರು. ನೀರಿಗೆ ಒಂದು ದಿನಾ ಕಾಲು ಇಟ್ಟವರಲ್ಲ."

"ಹಂಗಾದ್ರ ಅವರ ನೌಕರಿ ಸುರು ಆಗಿದ್ದಽ ಸತ್ತ ಮ್ಯಾಲ."

ಅವಳು ನನ್ನನ್ನು ಒಂದು ಗಳಿಗೆ ದಿಟ್ಟಿಸಿದಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಎಷ್ಟು ನಕ್ಕಳೆಂದರೆ, ಏರಿಯ ಮೇಲಿದ್ದ ಜೀಪು ನನ್ನನ್ನು ಬಿಟ್ಟು ಹೊರಟುಹೋಯಿತು.

೫. ಖಾಲಿ ಡಬ್ಬಿ

ಸೋಮವಾರ ದೊಡ್ಡ ಸಾಹೇಬರು ಬಂದರು. ಪಟ್ಟಿಯ ಮೇಲೆ ಬೆರಳು ಎಳೆಯುತ್ತ ಹದಿನೇಳಕ್ಕೆ ನಿಂತರು. "ಇವನೊಬ್ಬನ ಲೆಕ್ಕ ಬರೋಬರಿ ಅದ ನೋಡ್ರಿ. ಇವನ್ನ ಮುಖ್ಯ ಗೇಟಿಗೆ ವರ್ಗಾ ಮಾಡ್ರಿ."

ನಮ್ಮ ಸಾಹೇಬರು ಎದ್ದು ನಿಂತರು. "ಸರ, ಅಂವ ಸತ್ತಾನ್ರಿ."

ದೊಡ್ಡ ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ: ಕೋಲು, ಟೇಪು, ಒದ್ದೆ ಸೀರೆ.

"ಹುದ್ದೆ ಇಲ್ಲದಾಕಿ ಹೆಸರು ಪಟ್ಟ್ಯಾಗ ಬರಂಗಿಲ್ಲ" ಎಂದರು. "ಸತ್ತವನ ಹೆಸರೂ ಇರಂಗಿಲ್ಲ. ಆ ಗೇಟು ಪಟ್ಟ್ಯಾಗಿಂದ ತೆಗೀರಿ."

"ಹೆಸರು ಕಾಣದಿದ್ರ ಸಾಕೇನ್ರಿ?" ಎಂದೆ. "ಅಕಿ ಅಳತಿ ಕಂಟ್ರೋಲರ್ ತಗೊಳ್ತದ. ಹೆಸರು ವ್ಯೂ ತೋರಸಂಗಿಲ್ಲ."

"ಹಂಗ ಮಾಡಾಕ ಬರ್ತದೇನು?"

"ಎರಡನ್ನ ಬ್ಯಾರೆ ಬ್ಯಾರೆ ಕಟ್ಟೋದಽ ಅದಕ್ಕ್ರಿ."

ದೊಡ್ಡ ಸಾಹೇಬರು ಪೆನ್ನಿನ ಮುಚ್ಚಳ ಮತ್ತೆ ತೆಗೆದರು. "ನನಗ ಕಾಣಲಿಲ್ಲಂದ್ರ ನಾ ನೋಡಿಲ್ಲ" ಎಂದು ಸಹಿ ಹಾಕಿದರು. ಹೀಗೆ ನಾನು ಜೀವಂತ ಇರುವ ಹೆಂಗಸೊಬ್ಬಳನ್ನು ಅಧಿಕೃತವಾಗಿ ದೆವ್ವ ಮಾಡಿದೆ. ಮೂರನೇ ದಿನ ಕಡೆಯ ಊರಿಗೆ ನೀರು ಮುಟ್ಟಿತು. ಅವಳೇ ಫೋನು ಮಾಡಿ ಹೇಳಿದಳು: ಹೂವು ನಿಂತಾವ, ಅಕ್ಷರಾ ಮಾತ್ರ ಇನ್ನೂ ಸಣ್ಣಽ ಅದಾವ.

ನಾನು ಲೆಕ್ಕಕ್ಕೆ ಹಿಡಿಯದಿದ್ದವರು ಉಳಿದ ಲಸ್ಕರುಗಳು. ಅವರೂ ದಿನಾ ಅದೇ ಪಟ್ಟಿ ನೋಡುವವರು. ಸತ್ತ ಜೊತೆಗಾರನ ಹೆಸರು ಒಂದು ಬೆಳಿಗ್ಗೆ ಪರದೆಯ ಡಬ್ಬಿಯಿಂದ ಅಳಿಸಿಹೋಗಿತ್ತು. ಆ ಖಾಲಿ ಡಬ್ಬಿಯ ಮುಂದೆ ನಡುಮಧ್ಯಾಹ್ನ ಹನ್ನೆರಡಕ್ಕೆ ಅಂಕಿ ಮಾತ್ರ ತಪ್ಪದೆ ಮೂಡುತ್ತಿತ್ತು. ಅವರಿಗೆ ಕೋಲಿನ ಸಂಗತಿ ಯಾರೂ ಹೇಳಿರಲಿಲ್ಲ. ನಮ್ಮ ಸಾಹೇಬರು ಬೇಕೆಂದೇ ಹೇಳಲಿಲ್ಲ. ಒಂದು ವಾರದಲ್ಲಿ ಇಡೀ ಕಾಲುವೆಯಿಂದ ಎರಡೂವರೆ ಎನ್ನುವುದು ಕಾಣೆಯಾಯಿತು. ಕಾಲು, ಅರ್ಧ, ಮುಕ್ಕಾಲು ಎಂದು ಥರಾವರಿ ಅಂಕಿ ಬರತೊಡಗಿದವು.

ಆ ಶುಕ್ರವಾರ ಒಬ್ಬ ಲಸ್ಕರ್ ನನ್ನ ಕೋಣೆಗೆ ಬಂದ. ರೈಲ್ವೆ ಸ್ಟೇಷನ್ನಿನಿಂದ ಅಳತೆ ಕೊಟ್ಟಿದ್ದನಲ್ಲ, ಅವನೇ. ಮೊಣಕಾಲ ತನಕ ಪ್ಯಾಂಟು ತೊಯ್ದಿತ್ತು, ನೆಲದ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಬಾಗಿಲು ಎಳೆದುಕೊಂಡು ಹತ್ತಿರ ಬಂದು ದನಿ ಇಳಿಸಿದ.

"ಬಾಯಾರ, ನಾ ಈಗ ದಿನಾ ನೀರಿಗೆ ಇಳೀತೀನ್ರಿ. ಬೇಕಾದ್ರ ಎರಡು ಹೊತ್ತು ಇಳೀತೀನಿ. ಹದಿನೇಳನೇದವನಂಗ ನನ್ನ ಹೆಸರಿನ ಡಬ್ಬಿ ಮಾತ್ರ ಖಾಲಿ ಮಾಡಬ್ಯಾಡ್ರಿ. ಮನ್ಯಾಗ ಸಣ್ಣ ಮಕ್ಕಳು ಅದಾವ."