ಕಂಪನಿ ನೋಡಲು ಹೋದ ಅಕ್ಕ

ಶೇರಿಗೆ ದುಡ್ಡು ಹಾಕುವ ಮೊದಲು ಕಂಪನಿ ಹೇಗಿದೆ ನೋಡಿ ಎಂದು ಯಾರಿಗಾದರೂ ಒಮ್ಮೆ ಹೇಳಿ ನೋಡಿ, ನಗುವ ಪ್ರಸಂಗಗಳು ತಾವಾಗಿ ಮನೆಬಾಗಿಲಿಗೆ ಬರುತ್ತವೆ. ನಾನು ಆಳಂದದಲ್ಲಿ ಕಾಮರ್ಸ್ ಕಲಿಸುವವಳು. ಗೊಬ್ಬೂರಿನಲ್ಲಿ ಎಮ್ಮೆ ಸಾಕಿ ಹಾಲು ಮಾರುವ ಅಕ್ಕ ಒಬ್ಬಳು ಮಗಳ ನರ್ಸಿಂಗ್ ಓದಿಗೆಂದು ಒಂದಿಷ್ಟು ಕೂಡಿಟ್ಟಿದ್ದಳು. ಅಷ್ಟನ್ನೂ ಒಂದು ಹೊಸ ತೊಗರಿ ಬೇಳೆ ಕಂಪನಿಯ ಶೇರಿಗೆ ಹಾಕು ಎಂದು ಅವಳ ಮೈದುನ ಬೆನ್ನು ಹತ್ತಿದ್ದ.

"ಏನ್ ಮಾಡ್ಲಿ ಟೀಚರ್ ಬಾಯಾರ?" ಎಂದು ಕೇಳಿದಳು.

ಹಾಕು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ನೋಡುವುದನ್ನು ಕಲಿಸುತ್ತೇನೆ ಬಾ ಎಂದು ಭಾನುವಾರದ ತರಗತಿ ಶುರು ಮಾಡಿದೆ. ಒಂದು ವಾರ ಆಳಂದ, ಒಂದು ವಾರ ಜೇವರ್ಗಿ, ಒಂದು ವಾರ ಅಫಜಲಪುರ. ಅಕ್ಕ ಮೂರೂ ಕಡೆ ಬಂದಳು.

೧. ಹಿಂದಿನ ಬೆಂಚು

ಆಳಂದದ ತರಗತಿ ಕಂಡು ನಮ್ಮ ಪ್ರಿನ್ಸಿಪಾಲರಿಗೆ ಸಿಟ್ಟು. "ನಮ್ಮ ಕಡಿ ಮಂದಿಗಿ ಇದು ತಿಳೀತದೇನ್ರಿ ಮೇಡಂ? ಸುಮ್ನ ಪರೀಕ್ಷಾಕ್ಕ ಬರೋದಷ್ಟ ಕಲಸ್ರಿ" ಎಂದರು.

ತಿಳಿಯುವುದಿಲ್ಲ ಎಂದು ತೀರ್ಮಾನಿಸಲು ಇವರ್ಯಾರು? ನನಗೆ ಮೈ ಉರಿಯಿತು. ತರಗತಿ ನಿಲ್ಲಿಸಲಿಲ್ಲ. ತಪ್ಪು ಹುಡುಕಲೆಂದೇ ಅವರು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಲಾಭ, ಸಾಲ, ಕಂಪನಿ ನಡೆಸುವವರ ಹಿನ್ನೆಲೆ ಎಂದು ಎರಡು ತಾಸು ಹೇಳಿ, ಏನಾದರೂ ಪ್ರಶ್ನೆ ಇದೆಯೇ ಎಂದೆ. ಮೊದಲು ಎದ್ದ ಕೈ ಅವರದೇ.

"ಅದೆಲ್ಲಾ ಇರ್ಲಿರಿ. ಯಾವ ಶೇರು ಡಬಲ್ ಆಗ್ತದ, ಅದಷ್ಟ ಹೇಳ್ರಿ."

೨. ಚಾಲ್ತಿ ಟೈರು

ಜೇವರ್ಗಿಯಲ್ಲಿ, ಒಂದು ಉದ್ಯಮದೊಳಗೆ ಯಾರ ಮಾಲು ಹೆಚ್ಚು ಓಡುತ್ತದೆ ಎಂದು ಗಮನಿಸಿ ಬನ್ನಿ ಎಂದಿದ್ದೆ. ಪಂಕ್ಚರ್ ಅಂಗಡಿಯ ಚಾಚಾ ಒಂದು ಟೈರ್ ಕಂಪನಿ ಆರಿಸಿಕೊಂಡು ಬಂದರು.

"ಇದರದೇ ತಗೋತೇನ್ರಿ. ನನ್ನ ದುಕಾನಿಗಿ ದಿನಾ ಬರೋ ಗಾಡಿ ಎಲ್ಲಾ ಇದೇ ಟೈರಿನವು."

"ಚಾಚಾ, ಅವು ಬರೋದು ಪಂಕ್ಚರ್ ಆಗಿ!"

ಚಾಚಾ ಗಡ್ಡ ಕೆರೆದುಕೊಂಡರು. "ಹಂಗಾದ್ರ ರೊಕ್ಕ ನನ್ನ ದುಕಾನಿಗೇ ಹಾಕ್ತೇನಿ. ಗಿರಾಕಿ ಕಳ್ಸಾಕ ಕಂಪನಿ ಹೆಂಗೂ ಅದ ಅಲ್ಲೇನ್ರಿ!"

೩. ಹೊಟ್ಟಿನ ಲೆಕ್ಕ

ಅಫಜಲಪುರದ ತರಗತಿಗೆ ಮೈದುನ ಬೇಳೆ ಕಂಪನಿಯ ಏಜೆಂಟನನ್ನೇ ಕರೆತಂದ. ಗೋಡೆಯ ಮೇಲೆ ಚಿತ್ರ ತೋರಿಸುತ್ತ ಆತ, ಮಿಲ್ಲು ಹಗಲೂ ರಾತ್ರಿ ನಡೆಯುತ್ತಿದೆ ಎಂದ. ಅಕ್ಕ ತಡವಾಗಿ ಬಂದಳು. ನೇರ ಮುಂದೆ ಹೋಗಿ ನಿಂತಳು.

"ಸಾಹೇಬ್ರ, ಮಿಲ್ಲಿನ ಹೊಟ್ಟು ಯಾರಿಗಿ ಮಾರ್ತೀರಿ?"

ಏಜೆಂಟ ಮುಂದಿನ ಚಿತ್ರ ಹಾಕಿದ. ತೊಗರಿ ಒಡೆದಲ್ಲಿ ಹೊಟ್ಟು ಬಿದ್ದೇ ಬೀಳುತ್ತದೆ. ಎಮ್ಮೆ ಸಾಕುವವರು ಅದಕ್ಕೆ ಮುಗಿಬೀಳುತ್ತಾರೆ.

"ನಿಮ್ಮ ಮಿಲ್ಲಿನ ಸುತ್ತ ಎಮ್ಮಿ ಇದ್ದೋರ್ನೆಲ್ಲಾ ಕೇಳಿ ಬಂದೇನಿ. ಒಂದ್ ಚೀಲ ಹೊಟ್ಟೂ ಯಾರೂ ಒಯ್ದಿಲ್ಲಂತ. ಹೊಟ್ಟಿಲ್ಲಂದ್ರ ಬ್ಯಾಳಿ ಇಲ್ಲ. ಬ್ಯಾಳಿ ಇಲ್ಲಂದ್ರ ನನ್ನ ಮಗಳ ಓದಿನ ರೊಕ್ಕ ನಿಮಗಿಲ್ಲ."

"ಸುಮ್ಕ ಕೂಡು ವೈನಿ!" ಎಂದು ಮೈದುನ ಗದರಿದ.

"ನಿಮ್ಮಣ್ಣನ ಮಾತೇ ಕೇಳಿಲ್ಲ, ನಿನ್ನ ಮಾತ್ ಕೇಳ್ತೇನೇನಲೇ?"

ಎಲ್ಲರೂ ನಕ್ಕರು. ಏಜೆಂಟ ಟೈ ಸರಿಮಾಡಿಕೊಂಡ. "ಅಮ್ಮಾ, ಇದೆಲ್ಲ ನಿಮಗೆ ತಿಳಿಯಲ್ಲ. ಬ್ಯಾಲೆನ್ಸ್ ಶೀಟ್ ಓದಬೇಕು."

"ನನಗ ಓದಾಕ ಬರಂಗಿಲ್ರಿ, ನನ್ನ ಎಮ್ಮಿಗೂ ಬರಂಗಿಲ್ಲ" ಎಂದಳು ಅಕ್ಕ. "ಆದ್ರ ಮುಂದಿಟ್ಟ ಬುಟ್ಟಿ ಖಾಲಿ ಅದ ಅಂಬೋದು ಅದಕ್ಕೂ ತಿಳೀತದ."